ಮಳೆಗೆ ಮೈಯೊಡ್ಡಿದ ಮರ

ಟೆಕ್ಸಾಸಿನ ಹ್ಯೂಸ್ಟನ್ ನಗರದ ಹೊರವಲಯದ ಯಾವ ಮರದಂಗಡಿಗೆ ಹೋದರೂ ಡೆಕ್ ಕಟ್ಟುವವರ ಸಾಲಿನಲ್ಲಿ ಎರಡು ಅಟ್ಟಿಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. ಒಂದು ತುಸು ಹಸಿರು ಛಾಯೆಯ, ಮುಟ್ಟಿದರೆ ಕೈಗೆ ತೇವ ಹತ್ತುವ, ಎತ್ತಲು ಇಬ್ಬರು ಬೇಕೆನಿಸುವ ಪೈನ್. ಇನ್ನೊಂದು ಕೆಂಪು-ಕಂದು ಬಣ್ಣದ, ಒಬ್ಬನೇ ಹೆಗಲಿಗೇರಿಸಿಕೊಂಡು ನಡೆಯಬಹುದಾದ, ಹತ್ತಿರ ಹೋದರೆ ಘಮ್ಮೆನ್ನುವ ಸೀಡರ್. ಎರಡನೆಯದರ ಬೆಲೆ ಸಾಕಷ್ಟು ಹೆಚ್ಚು. ಯಾಕೆ ಎಂದು ಕೇಳಿದರೆ ‘ಸೀಡರ್ ಕೊಳೆಯುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾತು ಅರ್ಧ ನಿಜ. ಉಳಿದರ್ಧ ತಿಳಿಯಬೇಕಾದರೆ ಆರೇಳು ವರ್ಷ ಹಳೆಯದಾದ ಡೆಕ್ಕಿನ ಅಡಿಗೆ ಟಾರ್ಚ್ ಹಿಡಿದು ಬಗ್ಗಬೇಕು.

ಡೆಕ್ ಎಂದರೆ ಮನೆಯ ಹಿಂಬಾಗಿಲಿಗೆ ಹೊಂದಿಕೊಂಡ ಮರದ ಹಾಸು. ಮೇಲೆ ಸೂರಿಲ್ಲ, ಸುತ್ತ ಗೋಡೆಯಿಲ್ಲ. ಅಮೆರಿಕದ ಬಡಾವಣೆ ಮನೆಗಳಲ್ಲಿ ಇದು ಹಿತ್ತಲಿನ ಬೈಠಕ್ಕು. ಸಂಜೆ ಕೂರಲು, ಒಲೆ ಹೊತ್ತಿಸಿ ಮಾಂಸ ಸುಡಲು, ನಮ್ಮವರಾದರೆ ಗಣೇಶನ ಹಬ್ಬದ ದಿನ ನಲವತ್ತು ಜನಕ್ಕೆ ಊಟ ಹಾಕಲು. ಊರಿನಿಂದ ಬೇಸಿಗೆ ಕಳೆಯಲು ಬಂದ ಅಪ್ಪ-ಅಮ್ಮಂದಿರಿಗೆ ಮಾತ್ರ ಇದರ ತರ್ಕ ತಲೆಗೆ ಹೋಗುವುದಿಲ್ಲ. ಇಷ್ಟು ಒಳ್ಳೆಯ ಮರ ತಂದು, ಇಷ್ಟು ದುಡ್ಡು ಸುರಿದು, ಮೇಲೊಂದು ಮಾಡು ಹಾಕದೆ ಮಳೆಗೆ ಬಿಟ್ಟಿದ್ದೀರಲ್ಲ ಎಂದು ಪುತ್ತೂರು, ಸಾಗರದ ಕಡೆಯ ಹಿರಿಯರು ಕೇಳಿಯೇ ಕೇಳುತ್ತಾರೆ. ಮಕ್ಕಳು ನಕ್ಕು ಸುಮ್ಮನಾಗುತ್ತಾರೆ. ಆದರೆ ಡೆಕ್ಕಿನ ಎಲ್ಲ ಕಷ್ಟವೂ ಆ ಒಂದು ಪ್ರಶ್ನೆಯಲ್ಲೇ ಇದೆ.

ಅಂಗಡಿಯಲ್ಲಿ ಸಿಗುವುದು ಪಶ್ಚಿಮದ ಕೆಂಪು ಸೀಡರ್. ಸಸ್ಯಶಾಸ್ತ್ರದಲ್ಲಿ ಥೂಜಾ ಪ್ಲಿಕೇಟಾ. ನಮ್ಮ ಹಿಮಾಲಯದ ದೇವದಾರುವಿಗೂ ಇದಕ್ಕೂ ಹತ್ತಿರದ ನಂಟಿಲ್ಲ. ಇದು ಸೈಪ್ರೆಸ್ ಕುಟುಂಬದ ಮರ. ಅಲಾಸ್ಕಾದ ಆಗ್ನೇಯ ಕರಾವಳಿಯಿಂದ ಬ್ರಿಟಿಷ್ ಕೊಲಂಬಿಯಾ, ವಾಷಿಂಗ್ಟನ್, ಆರೆಗನ್ ದಾಟಿ ಕ್ಯಾಲಿಫೋರ್ನಿಯಾದ ಉತ್ತರದ ಅಂಚಿನವರೆಗೆ, ಶಾಂತಸಾಗರದ ಮೋಡ ಬಂದು ಬಡಿಯುವ ಕಾಡುಗಳಲ್ಲಿ ಬೆಳೆಯುತ್ತದೆ. ಟೆಕ್ಸಾಸಿನ ಬೆಟ್ಟಗಳಲ್ಲಿ ಬೆಳೆಯುವ ಒಂದು ಜೂನಿಪರ್ ಮರವನ್ನೂ ಸ್ಥಳೀಯರು ಸೀಡರ್ ಎಂದೇ ಕರೆಯುವುದರಿಂದ ಕೊಳ್ಳುವಾಗ ಯಾವುದೆಂದು ಕೇಳಿಕೊಳ್ಳುವುದು ಒಳ್ಳೆಯದು.

ಈ ಮರದ ಚೇಗಿನಲ್ಲಿ ಥೂಜಾಪ್ಲಿಸಿನ್ ಎಂಬ ರಾಸಾಯನಿಕಗಳ ಗುಂಪೊಂದಿದೆ. ಮರ ಕೊಳೆಸುವ ಶಿಲೀಂಧ್ರಗಳಿಗೆ ಅದು ವಿಷ. ಬಿರುಗಾಳಿಗೆ ಉರುಳಿ ಕಾಡಿನ ನೆಲದಲ್ಲಿ ನೂರು ವರ್ಷ ಬಿದ್ದಿದ್ದ ದಿಮ್ಮಿಗಳನ್ನು ಸೀಳಿ ಛಾವಣಿಯ ಹಂಚುಪಟ್ಟಿ ಮಾಡಿದ್ದುಂಟು. ಹೈಡಾ, ಟ್ಲಿಂಗಿಟ್, ಸೇಲಿಶ್ ಮುಂತಾದ ಮೂಲನಿವಾಸಿಗಳ ಬದುಕು ಈ ಮರದ ಮೇಲೇ ನಿಂತಿತ್ತು. ಒಂದೇ ಬೊಡ್ಡೆ ಕೊರೆದ ದೋಣಿ, ಕುಲಚಿಹ್ನೆ ಕೆತ್ತಿದ ಎತ್ತರದ ಕಂಬ, ಇಡೀ ಬಳಗ ಒಟ್ಟಿಗೆ ಇರುತ್ತಿದ್ದ ಉದ್ದನೆಯ ಮನೆ, ಒಳತೊಗಟೆಯನ್ನು ಹದಮಾಡಿ ನೇಯ್ದ ಬಟ್ಟೆ, ಚಾಪೆ, ಹಗ್ಗ, ಎಲ್ಲವೂ ಅದರದೇ. ನಿಂತ ಮರವನ್ನು ಕೊಲ್ಲದೆ ಒಂದು ಪಟ್ಟಿ ತೊಗಟೆಯನ್ನಷ್ಟೇ ಸುಲಿದು ತೆಗೆದ ಗುರುತುಗಳು ಹಳೆಯ ಮರಗಳ ಮೈಮೇಲೆ ಇಂದಿಗೂ ಇವೆ. ಬ್ರಿಟಿಷ್ ಕೊಲಂಬಿಯಾ 1988ರಲ್ಲಿ ಇದನ್ನು ತನ್ನ ಪ್ರಾಂತ್ಯದ ಮರವೆಂದು ಘೋಷಿಸಿತು. ಶಿಲೀಂಧ್ರವನ್ನು ತಡೆಯುವ ಈ ಮರ ಮನುಷ್ಯನಿಗೂ ಪೂರ್ತಿ ನಿರುಪದ್ರವಿಯಲ್ಲ. ಇದರ ಪುಡಿಯಲ್ಲಿರುವ ಪ್ಲಿಕ್ಯಾಟಿಕ್ ಆಮ್ಲ ಗರಗಸದ ಮಿಲ್ಲುಗಳ ಕೆಲಸಗಾರರಿಗೆ ಆಸ್ತಮಾ ತರುವುದು ಚೆನ್ನಾಗಿ ದಾಖಲಾಗಿರುವ ಸಂಗತಿ. ಮನೆಯಂಗಳದಲ್ಲಿ ಕೊಯ್ಯುವವರೂ ಮೂಗಿಗೆ ಮಾಸ್ಕ್ ಕಟ್ಟಬೇಕು.

ಅಂಥ ಮರಕ್ಕೆ ಹ್ಯೂಸ್ಟನ್ನಿನಲ್ಲಿ ಏನು ಕೇಡು? ಹ್ಯೂಸ್ಟನ್ ಸೀಡರ್‌ನ ತವರಿಗಿಂತ ಬಹಳ ಬಿಸಿ. ವ್ಯಾಂಕೂವರ್, ಸಿಯಾಟಲ್ ಕಡೆ ಮಳೆ ಹೆಚ್ಚಾಗಿ ಸುರಿಯುವುದು ಚಳಿಗಾಲದಲ್ಲಿ. ಆ ಚಳಿಗೆ ಶಿಲೀಂಧ್ರ ಮೈ ಮುದುಡಿ ಕೂರುತ್ತದೆ. ಬೇಸಿಗೆ ಬಂದು ಬಿಸಿಯೇರುವ ಹೊತ್ತಿಗೆ ಮಳೆ ಕಡಿಮೆ. ಹ್ಯೂಸ್ಟನ್ನಿನಲ್ಲಿ ವರ್ಷಕ್ಕೆ ಬೀಳುವ ಸುಮಾರು 1270 ಮಿ.ಮೀ. ಮಳೆ ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬೀಳುತ್ತದೆ. ಜುಲೈ, ಆಗಸ್ಟಿನಲ್ಲಿ ಬಿಸಿಲೂ ಗುಡುಗುಮಳೆಯೂ ಒಂದರ ಹಿಂದೊಂದು. ಮೆಕ್ಸಿಕೊ ಕೊಲ್ಲಿಯಿಂದ ಬೀಸುವ ಗಾಳಿಯಲ್ಲಿ ನೀರು ತುಂಬಿಕೊಂಡೇ ಇರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಿಗಿದೆ. ಗಾಳಿಯ ತೇವವೇ ಮರವನ್ನು ಕೊಳೆಸುತ್ತದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಮರ ತನ್ನ ಸುತ್ತಲಿನ ಗಾಳಿಗೆ ತಕ್ಕಂತೆ ನೀರನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ 65% ಇದ್ದರೆ ಮರದೊಳಗಿನ ನೀರು ಒಣಮರದ ತೂಕದ 12% ಸುಮಾರಿಗೆ ನಿಲ್ಲುತ್ತದೆ. 80% ಇದ್ದರೆ 16%. ಆರ್ದ್ರತೆ 90% ತಲುಪಿ ದಿನಗಟ್ಟಲೆ ಅಲ್ಲೇ ನಿಂತರೂ 20% ಆಸುಪಾಸು. ಆದರೆ ಕೊಳೆಸುವ ಶಿಲೀಂಧ್ರ ಬೇರೂರಬೇಕಾದರೆ ಮರದ ನಾರುಗಳು ನೀರುಂಡು ತಣಿದಿರಬೇಕು, ಅಂದರೆ 28ರಿಂದ 30%. ಇಷ್ಟು ತೇವ ಬರಿಯ ಗಾಳಿಯಿಂದ ಬರುವುದಿಲ್ಲ. ನೀರೇ ತಾಗಬೇಕು, ತಾಗಿದ ನೀರು ಅಲ್ಲೇ ನಿಲ್ಲಬೇಕು. ತೇವದ ಗಾಳಿ ಮಾಡುವ ಕೇಡು ಇದಕ್ಕಿಂತ ನಯವಾದದ್ದು: ಒಮ್ಮೆ ನೆನೆದ ಮರವನ್ನು ಅದು ಒಣಗಗೊಡುವುದಿಲ್ಲ. ಅರಿಜೋನಾದಲ್ಲಿ ಮಧ್ಯಾಹ್ನದ ಮಳೆಗೆ ನೆನೆದ ಹಲಗೆ ಸಂಜೆಗೆಲ್ಲ ಒಣಗಿರುತ್ತದೆ. ಹ್ಯೂಸ್ಟನ್ನಿನಲ್ಲಿ ಅದೇ ಹಲಗೆಯ ಮೇಲ್ಮೈ ಒಣಗಿದಂತೆ ಕಂಡರೂ ಜಂತೆಯ ಮೇಲೆ ಕೂತ ಅಡಿಭಾಗ ಮೂರನೆಯ ದಿನವೂ ತೇವ. ನಾಲ್ಕನೆಯ ದಿನ ಮತ್ತೆ ಮಳೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ 1910ರಿಂದ ಕೆಲಸ ಮಾಡುತ್ತಿರುವ ಅರಣ್ಯೋತ್ಪನ್ನ ಪ್ರಯೋಗಾಲಯದ ಥಿಯೋಡರ್ ಶೆಫರ್ 1971ರಲ್ಲಿ ಈ ಬಿಸಿ-ಮಳೆಗಳ ಕೂಟಕ್ಕೊಂದು ಸರಳ ಲೆಕ್ಕ ಹಾಕಿಕೊಟ್ಟರು. ತಿಂಗಳ ಸರಾಸರಿ ಉಷ್ಣಾಂಶದಿಂದ ಎರಡು ಡಿಗ್ರಿ ಸೆಲ್ಸಿಯಸ್ ಕಳೆಯಿರಿ. ಆ ತಿಂಗಳಲ್ಲಿ ಮಳೆ ಬಂದ ದಿನಗಳಿಂದ ಮೂರು ಕಳೆಯಿರಿ. ಎರಡನ್ನೂ ಗುಣಿಸಿ, ಹನ್ನೆರಡು ತಿಂಗಳದ್ದನ್ನೂ ಕೂಡಿ, 16.7ರಿಂದ ಭಾಗಿಸಿ. ಬಂದ ಅಂಕಿ 35ಕ್ಕಿಂತ ಕಡಿಮೆಯಿದ್ದರೆ ನೆಲಕ್ಕೆ ತಾಗದ ಬಯಲುಮರಕ್ಕೆ ಕೊಳೆಯುವ ಭಯ ಕಡಿಮೆ; 65 ದಾಟಿದರೆ ಹೆಚ್ಚು. ಮಳೆ ಎಷ್ಟು ಸೆಂಟಿಮೀಟರ್ ಸುರಿಯಿತು ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಎಷ್ಟು ದಿನ ಬಂತು ಎಂಬುದಷ್ಟೇ ಬರುತ್ತದೆ. ಅದೇ ಇದರ ಜಾಣತನ. ಒಂದು ಗಂಟೆ ಧೋ ಎಂದು ಸುರಿದು ಹೋಗುವ ಮಳೆಗಿಂತ ದಿನದಿನವೂ ಜಿನುಗುವ ಮಳೆ ಮರಕ್ಕೆ ದೊಡ್ಡ ವೈರಿ. ಸಿಯಾಟಲ್, ವ್ಯಾಂಕೂವರ್ ಎರಡೂ 35-65ರ ನಡುವಿನ ಸಾಲಿನಲ್ಲಿ ಬರುತ್ತವೆ. ಹ್ಯೂಸ್ಟನ್ 65ರ ಗೆರೆಯನ್ನು ಸಲೀಸಾಗಿ ದಾಟುತ್ತದೆ. ಸುಮ್ಮನೆ ಕುತೂಹಲಕ್ಕೆ ಮಂಗಳೂರಿನ ಜುಲೈ ತಿಂಗಳನ್ನು ಈ ಸೂತ್ರಕ್ಕೆ ಕೊಟ್ಟು ನೋಡಬಹುದು. ಸರಾಸರಿ 26 ಡಿಗ್ರಿ, ಮಳೆ 28 ದಿನ ಎಂದಿಟ್ಟುಕೊಂಡರೆ ಆ ಒಂದೇ ತಿಂಗಳಿಗೆ 36 ಬರುತ್ತದೆ. ಭಯ ಕಡಿಮೆಯಿರುವ ಊರೊಂದು ಇಡೀ ವರ್ಷ ಸೇರಿಸಿದರೂ ಮುಟ್ಟದ ಅಂಕಿ ಅದು.

ಇಂಥ ಹವೆಯಲ್ಲಿ ಮರ ಎಷ್ಟು ಬೇಗ ಲಡ್ಡಾಗುತ್ತದೆ ಎಂಬುದಕ್ಕೆ ಪುರಾವೆ ಮಿಸಿಸಿಪ್ಪಿಯ ಸಾಸಿಯರ್ ಬಳಿಯ ಪ್ರಯೋಗಾರಣ್ಯದಲ್ಲಿದೆ. ಅದೇ ಪ್ರಯೋಗಾಲಯದವರು ಅಲ್ಲಿ ಮರದ ಗೂಟಗಳನ್ನು ನೆಲಕ್ಕೆ ಹೂತು, ವರ್ಷ ವರ್ಷ ಕಿತ್ತು ನೋಡುತ್ತಾರೆ. ಏನೂ ಬಳಿಯದ ಪೈನ್ ಗೂಟ ಎರಡು-ಮೂರು ವರ್ಷದಲ್ಲೇ ಮುಗಿದುಹೋಗುತ್ತದೆ. ಸೀಡರ್‌ನ ಚೇಗು ಅದಕ್ಕಿಂತ ಬಹಳ ಗಟ್ಟಿ. ಆದರೆ ಆ ಮಾತು ಚೇಗಿಗೆ ಮಾತ್ರ ಸಲ್ಲುತ್ತದೆ. ಹಲಗೆಯ ಅಂಚಿನಲ್ಲಿ ಕೆನೆಬಣ್ಣದ ಪಟ್ಟಿ ಕಂಡರೆ ಅದು ಚೇಗಿನ ಹೊರಗಿನ ಬಿಳಿಮರ. ಅದಕ್ಕೆ ಪೈನ್‌ಗಿಂತ ಹೆಚ್ಚಿನ ತಾಳಿಕೆಯೇನೂ ಇಲ್ಲ. ಹಳೆಯ ಕಾಡುಗಳ ಶತಮಾನಗಟ್ಟಲೆ ಬೆಳೆದ ಮರಕ್ಕೂ, ಕಡಿದ ಮೇಲೆ ಮತ್ತೆ ಬೆಳೆದ ಎಳೆಯ ಮರಕ್ಕೂ ತಾಳಿಕೆಯಲ್ಲಿ ವ್ಯತ್ಯಾಸವಿದೆ. ಈಗ ಅಂಗಡಿಗೆ ಬರುವುದರಲ್ಲಿ ಎರಡನೆಯದರ ಪಾಲು ಕಡಿಮೆಯಲ್ಲ. ಸಾಲದ್ದಕ್ಕೆ ಥೂಜಾಪ್ಲಿಸಿನ್ ನೀರಿಗೆ ಸ್ವಲ್ಪ ಸ್ವಲ್ಪವೇ ಕರಗಿ ಹೋಗುವಂಥದ್ದು. ಹೊಸ ಡೆಕ್ಕಿನ ಅಡಿಯ ಕಾಂಕ್ರೀಟ್ ಮೇಲೆ ಮೊದಮೊದಲ ಮಳೆಗಳಲ್ಲಿ ಚಹಾ ಬಣ್ಣದ ಕಲೆ ಬೀಳುತ್ತದಲ್ಲ, ಮರದ ಸತ್ವವೂ ಆ ನೀರಿನ ಜತೆಗೇ ಇಳಿಯುತ್ತಿರುತ್ತದೆ.

ಸೀಡರ್ ಡೆಕ್ ಎಂದು ಹೆಮ್ಮೆಯಿಂದ ತೋರಿಸುವುದರ ಅಡಿಯಲ್ಲಿ ಬಹುಪಾಲು ಸೀಡರ್ ಇರುವುದೇ ಇಲ್ಲ. ಕಣ್ಣಿಗೆ ಕಾಣುವ ಮೇಲ್ಹಾಸು, ಕಟಾಂಜನ, ಮೆಟ್ಟಿಲು ಸೀಡರ್. ಕಂಬ, ತೊಲೆ, ಜಂತೆಗಳೆಲ್ಲ ಅಂಗಡಿಯ ಆ ಹಸಿರು ಛಾಯೆಯ ಪೈನ್. ಇದು ಮೋಸವೇನಲ್ಲ. ಸೀಡರ್ ಹಗುರ, ಮೆದು. ಅದರ ಗಡಸುತನ ತೇಗದ ಮೂರನೇ ಒಂದು ಪಾಲು. ಹೊರೆ ಹೊರುವ ಕೆಲಸಕ್ಕೆ, ನೆಲದ ತೇವಕ್ಕೆ, ಗೆದ್ದಲಿಗೆ ಔಷಧ ಹೊಡೆಸಿದ ಪೈನ್ ಮೇಲು. ಒತ್ತಡದ ತೊಟ್ಟಿಯೊಳಗೆ ತಾಮ್ರದ ದ್ರಾವಣವನ್ನು ಮರದ ಆಳಕ್ಕೆ ನುಗ್ಗಿಸಿರುವುದರಿಂದ ಅದಕ್ಕೆ ಆ ಹಸಿರು.

ಈ ಪೈನ್‌ನ ಹಿಂದೆ ನಮ್ಮ ದೇಶದ ಒಂದು ಹೆಸರಿದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರನ್ನೂ ಕೂಡಿಸಿದ ಮರರಕ್ಷಕವೊಂದನ್ನು ಕಂಡುಹಿಡಿದರು. ತಾಮ್ರ ಶಿಲೀಂಧ್ರಕ್ಕೆ, ಆರ್ಸೆನಿಕ್ ಗೆದ್ದಲಿಗೆ ಮತ್ತು ತಾಮ್ರಕ್ಕೂ ಬಗ್ಗದ ಕೆಲವು ಶಿಲೀಂಧ್ರಗಳಿಗೆ, ಕ್ರೋಮಿಯಂ ಇವೆರಡೂ ಮಳೆಗೆ ತೊಳೆದುಹೋಗದಂತೆ ನಾರಿಗೆ ಕಚ್ಚಿ ಹಿಡಿಸುವುದಕ್ಕೆ. ಅದಕ್ಕೆ ಮೊದಲು ಬಳಸುತ್ತಿದ್ದ ಎಷ್ಟೋ ಲವಣಗಳು ಮಳೆಯಲ್ಲಿ ಕರಗಿ ಹರಿದುಹೋಗುತ್ತಿದ್ದವು. ಆ ತೊಡಕನ್ನು ಬಿಡಿಸಿದ್ದು ಕ್ರೋಮಿಯಂ. ಆರ್ಸೆನಿಕ್, ತಾಮ್ರಗಳ ರಾಸಾಯನಿಕ ಸಂಕೇತಗಳನ್ನು ಜೋಡಿಸಿದ ‘ಆಸ್ಕು’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. 1938ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಮನೆಗೊಂದು ಡೆಕ್ ಎಂಬ ರೂಢಿ ಬೆಳೆದದ್ದರಲ್ಲಿ ಅಗ್ಗದ ಪೈನ್‌ಗೆ ದೀರ್ಘಾಯುಷ್ಯ ಕೊಟ್ಟ ಈ ದ್ರಾವಣದ ಪಾಲು ದೊಡ್ಡದು. ಆರ್ಸೆನಿಕ್ ಮಕ್ಕಳ ಕೈಗೆ ಅಂಟುತ್ತದೆ ಎಂಬ ಆತಂಕ ಬೆಳೆದು, 2003ರ ಡಿಸೆಂಬರ್ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಹೊಡೆಯುವುದನ್ನು ಅಲ್ಲಿನ ತಯಾರಕರು ನಿಲ್ಲಿಸಿದರು. ಈಗಿನ ದ್ರಾವಣಗಳಲ್ಲಿ ಆರ್ಸೆನಿಕ್ ಇಲ್ಲ, ತಾಮ್ರ ಹೆಚ್ಚು. 2004ಕ್ಕೆ ಮೊದಲು ಕಟ್ಟಿದ ಡೆಕ್ ಇರುವ ಮನೆ ಕೊಂಡವರು ಅದನ್ನು ಕಿತ್ತಾಗ ಹಳೆಯ ತುಂಡುಗಳನ್ನು ಒಲೆಗೆ ಹಾಕಬಾರದು. ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಉಳಿಯುತ್ತದೆ.

ಇನ್ನು ಕಟ್ಟುವ ಮಾತು. ಹ್ಯೂಸ್ಟನ್ನಿನ ಮನೆಗಳು ಬಹುತೇಕ ನೆಲದ ಮೇಲೇ ಸುರಿದ ಕಾಂಕ್ರೀಟ್ ಹಾಸಿನ ಮೇಲೆ ನಿಂತಿವೆ. ಹಾಗಾಗಿ ಬಾಗಿಲಿಗೂ ಅಂಗಳಕ್ಕೂ ಎತ್ತರದ ವ್ಯತ್ಯಾಸ ಕಡಿಮೆ, ಡೆಕ್ ಕೂಡ ಗಿಡ್ಡ. ಗಿಡ್ಡ ಡೆಕ್ ಕಟ್ಟುವುದು ಸುಲಭ, ಒಣಗಿಸುವುದು ಕಷ್ಟ. ಅಡಿಯಲ್ಲಿ ಗಾಳಿ ಆಡಲು ಜಾಗವಿಲ್ಲದೆ ನೆಲದ ಆವಿ ಹಲಗೆಗಳ ಹೊಟ್ಟೆಗೇ ಬಡಿಯುತ್ತದೆ. ಜಂತೆಯ ಕೆಳಗೆ ಒಂದೂವರೆ ಅಡಿಯಾದರೂ ಬಯಲು ಸಿಕ್ಕರೆ ಒಳ್ಳೆಯದು. ಅಷ್ಟು ಸಿಗದಿದ್ದರೆ ನೆಲವನ್ನು ಮನೆಯಿಂದ ಹೊರಕ್ಕೆ ಇಳಿಜಾರು ಮಾಡಿ, ಜಲ್ಲಿ ಹಾಸಿ, ಪಕ್ಕಗಳನ್ನು ತೆರೆದೇ ಬಿಡಬೇಕು. ಅಂದಕ್ಕೆಂದು ಸುತ್ತ ಹಲಗೆ ಹೊಡೆದು ಅಡಿಭಾಗವನ್ನು ಮುಚ್ಚುವುದು ಹಣ ಕೊಟ್ಟು ಬೂಷ್ಟು ತರಿಸಿಕೊಂಡಂತೆ.

ಅಲ್ಲಿನ ಮಣ್ಣು ಇನ್ನೊಂದು ತಲೆನೋವು. ಅದು ಗದಗ, ಧಾರವಾಡ ಕಡೆಯ ಎರೆಮಣ್ಣಿನ ಜಾತಿಯ ಜೇಡಿ: ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಉತ್ತರದ ರಾಜ್ಯಗಳಲ್ಲಿ ಹಿಮಕ್ಕೆ ನೆಲ ಎತ್ತಿಕೊಳ್ಳುವುದೆಂದು ಕಂಬದ ಪಾಯವನ್ನು ಆಳಕ್ಕೆ ಒಯ್ಯುತ್ತಾರೆ. ಇಲ್ಲಿ ಹಿಮದ ಭಯವಿಲ್ಲವೆಂದು ಮೇಲೆಮೇಲೆ ಪಾಯ ಹಾಕಿದರೆ ಮಳೆಗೊಮ್ಮೆ ಬಿಸಿಲಿಗೊಮ್ಮೆ ಡೆಕ್ ಏರಿಳಿಯುತ್ತದೆ, ಕೀಲುಗಳು ಸಡಿಲವಾಗುತ್ತವೆ, ಸಡಿಲವಾದ ಕಡೆ ನೀರು ಹೊಕ್ಕುತ್ತದೆ.

ಡೆಕ್ಕನ್ನು ಮನೆಯ ಗೋಡೆಗೆ ಲೆಜರ್ ಎಂಬ ಪಟ್ಟಿಹಲಗೆಯಿಂದ ಬಿಗಿಯುವುದು ಅಮೆರಿಕದ ರೂಢಿ. ಡೆಕ್ ಕುಸಿದ ಸುದ್ದಿಗಳಲ್ಲಿ ಹೆಚ್ಚಿನವು ಈ ಹಲಗೆ ಕಿತ್ತು ಬಂದದ್ದರಿಂದಲೇ ಆದವು. ಬೋಲ್ಟ್ ಹಾಕುವ ಬದಲು ಬರೀ ಮೊಳೆ ಹೊಡೆದಿರುತ್ತಾರೆ, ಅಥವಾ ಹಲಗೆಗೂ ಗೋಡೆಗೂ ನಡುವೆ ನೀರಿಳಿದು ಒಳಗಿನ ಮರ ಕುಂಬಾಗಿರುತ್ತದೆ. ಹೊರಗಿನಿಂದ ಎಲ್ಲವೂ ಸರಿಯಾಗೇ ಕಾಣುತ್ತದೆ. ಕಟ್ಟಡ ನಿಯಮ ಚದರ ಅಡಿಗೆ 40 ಪೌಂಡ್ ಹೊರೆಗೆ ಲೆಕ್ಕ ಹಾಕಿಸುತ್ತದೆ. ಹಬ್ಬದ ದಿನ ಎಲ್ಲರೂ ಒಂದೇ ಮೂಲೆಗೆ ಫೋಟೋಗೆ ನಿಂತಾಗ ಆ ಲೆಕ್ಕದ ಬೆಲೆ ಗೊತ್ತಾಗುತ್ತದೆ. ಹ್ಯೂಸ್ಟನ್ನಿನಲ್ಲಿ ಗೋಡೆಯ ಹೊರಮೈ ಇಟ್ಟಿಗೆಯದಾಗಿದ್ದರೂ ಅದು ಬಹಳ ಕಡೆ ಹೊರೆ ಹೊರದ ಬರೀ ಹೊದಿಕೆ. ಅದಕ್ಕೆ ಲೆಜರ್ ಬಿಗಿಯುವಂತೆಯೇ ಇಲ್ಲ. ನನ್ನನ್ನು ಕೇಳಿದರೆ ಇದು ವರವೇ. ಮನೆಗೆ ತಾಗದೆ, ನಾಲ್ಕೂ ಕಡೆ ತನ್ನದೇ ಕಂಬದ ಮೇಲೆ, ಗೋಡೆಯಿಂದ ಒಂದಿಂಚು ಬಿಟ್ಟು ನಿಂತ ಡೆಕ್ ತೇವದ ಊರಿಗೆ ಹೇಳಿ ಮಾಡಿಸಿದ್ದು. ಗೋಡೆಯೂ ಒಣಗುತ್ತದೆ, ಡೆಕ್ಕೂ ಒಣಗುತ್ತದೆ. ಎರಡು ಕಂಬಕ್ಕೆ ಹೆಚ್ಚು ಖರ್ಚಾಗಬಹುದು, ಅಷ್ಟೇ.

ಕಂಬದ ಬುಡಕ್ಕೆ ಈಗ ಲೋಹದ ಪೀಠ ಬರುತ್ತದೆ. ಮರದ ಕಡಿದ ತುದಿ ಕಾಂಕ್ರೀಟಿಗೆ ತಾಗದಂತೆ ಒಂದಿಂಚು ಮೇಲಕ್ಕೆ ಹಿಡಿದಿಡುವುದು ಅದರ ಕೆಲಸ. ನಮ್ಮ ಹಳೆಯ ಚಾವಡಿಗಳಲ್ಲಿ ಮರದ ಕಂಬವನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಿದ್ದರಲ್ಲ, ಅದೂ ನೆಲದ ತೇವದಿಂದ ಮರವನ್ನು ದೂರವಿಡುವ ಉಪಾಯವೇ. ಕೆತ್ತನೆಯ ಚೆಲುವಿನಲ್ಲಿ ಆ ಉಪಯೋಗ ಮರೆಯಾಗಿಬಿಟ್ಟಿದೆ.

ಕಡಿದ ತುದಿಯ ಬಗ್ಗೆ ಇಷ್ಟೇಕೆ ಒತ್ತಿ ಹೇಳುವುದೆಂದರೆ, ಡೆಕ್ ಸಾಯುವುದು ಅಲ್ಲಿಂದಲೇ. ಹಲಗೆಯೊಂದನ್ನು ಪಪ್ಪಾಯಿ ಎಲೆಯ ದಂಟುಗಳ ಕಟ್ಟು ಎಂದು ಭಾವಿಸಿ: ಮೈಮೇಲೆ ನೀರು ಸುರಿದರೆ ಜಾರಿಹೋಗುತ್ತದೆ, ಬಾಯಿಗೆ ಸುರಿದರೆ ಉದ್ದಕ್ಕೂ ಒಳಗೆ ಇಳಿಯುತ್ತದೆ. ಮರ ಬದುಕಿದ್ದಾಗ ನೀರು ಸಾಗಿಸುತ್ತಿದ್ದ ದಾರಿಗಳು ಸತ್ತ ಮೇಲೂ ಅದೇ ಕೆಲಸ ಮಾಡುತ್ತವೆ. ಎರಡು ಹಲಗೆಗಳು ಜಂತೆಯ ಮೇಲೆ ತುದಿಗೆ ತುದಿ ಕೂಡುವ ಕಡೆ ಎರಡು ಬಾಯಿಗಳು ಎದುರುಬದುರಾಗಿ ತೆರೆದಿರುತ್ತವೆ, ಅವುಗಳ ನಡುವೆ ಕೂದಲೆಳೆಯ ಸಂದು, ಸಂದಿನಲ್ಲಿ ಎಲೆಯ ಕಸ, ಕಸದಲ್ಲಿ ನೀರು, ಪಕ್ಕದಲ್ಲೇ ಸ್ಕ್ರೂ ಕೊರೆದ ತೂತು. ಇಡೀ ಡೆಕ್ಕಿನಲ್ಲಿ ಮೊದಲು ಮೆತ್ತಗಾಗುವುದು ಇಂಥ ಕೀಲು. ಬಲ್ಲ ಬಡಗಿಗಳು ಅಲ್ಲಿ ಒಂದು ಜಂತೆಯ ಬದಲು ಎರಡನ್ನು ತುಸು ಅಂತರದಲ್ಲಿ ಇಟ್ಟು, ನೀರು ನಡುವೆ ಬಿದ್ದುಹೋಗುವಂತೆ ಮಾಡುತ್ತಾರೆ. ಇನ್ನೂ ಬಲ್ಲವರು ಉದ್ದಕ್ಕೆ ಸಾಕಾಗುವ ಹಲಗೆಯನ್ನೇ ತಂದು ನಡುವಿನ ಕೀಲನ್ನೇ ಇಲ್ಲವಾಗಿಸುತ್ತಾರೆ. ಪ್ರತಿ ಸಲ ಗರಗಸ ಆಡಿಸಿದ ಕೂಡಲೇ, ಹಲಗೆಯನ್ನು ಕೂರಿಸುವ ಮೊದಲು, ಆ ಹೊಸ ತುದಿಗೆ ನೀರು ತಡೆಯುವ ಮೇಣದ ದ್ರಾವಣವನ್ನೋ ಎಣ್ಣೆಯನ್ನೋ ಕುಡಿಯುವಷ್ಟು ಕುಡಿಸಬೇಕು. ಸಂಜೆಗೆ ಎಲ್ಲವನ್ನೂ ಒಟ್ಟಿಗೆ ಹಚ್ಚಿದರಾಯಿತು ಎಂದರೆ ಆಗುವುದಿಲ್ಲ. ಅಷ್ಟರಲ್ಲಿ ಅರ್ಧ ತುದಿಗಳು ಕೈಗೆಟುಕದ ಕಡೆ ಸೇರಿರುತ್ತವೆ. ಜಂತೆಗಳ ನೆತ್ತಿಗೆ ಬ್ಯೂಟೈಲ್ ರಬ್ಬರಿನ ಅಂಟುಪಟ್ಟಿ ಹಾಕುವುದು ಈಚಿನ ರೂಢಿ. ಸ್ಕ್ರೂ ತೂರಿದ ತೂತಿನ ಸುತ್ತ ಅದು ಮುಚ್ಚಿಕೊಂಡು ಜಂತೆಯೊಳಗೆ ನೀರಿಳಿಯದಂತೆ ತಡೆಯುತ್ತದೆ.

ಹಲಗೆಗಳ ನಡುವೆ ಎಷ್ಟು ಸಂದು ಬಿಡಬೇಕೆಂಬುದಕ್ಕೆ ಪ್ರತಿ ಬಡಗಿಗೂ ಒಂದೊಂದು ನಂಬಿಕೆ. ಲೆಕ್ಕ ಕಷ್ಟದ್ದಲ್ಲ. ಸಾಮಾನ್ಯ ಸೀಡರ್ ಹಲಗೆ ಐದೂವರೆ ಇಂಚು ಅಗಲ, ಅಂದರೆ 140 ಮಿ.ಮೀ. ಹಸಿಯಿಂದ ಪೂರ್ತಿ ಒಣಗುವವರೆಗೆ ಅಡ್ಡಡ್ಡ ಅದು ಹೆಚ್ಚೆಂದರೆ 5% ಕುಗ್ಗುತ್ತದೆ; ಪೈನ್ ಇದಕ್ಕಿಂತ ಬಹಳ ಹೆಚ್ಚು ಕುಗ್ಗುತ್ತದೆ, ಸೀಡರ್‌ನ ನಿಜವಾದ ದೊಡ್ಡ ಗುಣ ಇದೇ. ಹ್ಯೂಸ್ಟನ್ನಿನ ಒಣ ವಾರಕ್ಕೂ ಒದ್ದೆ ವಾರಕ್ಕೂ ಮರದ ತೇವ 10ರಿಂದ 18%ವರೆಗೆ ಆಡಿದರೆ ಹಲಗೆಯ ಅಗಲ ಬದಲಾಗುವುದು ಎರಡು ಮಿ.ಮೀ. ಸುಮಾರು. ಹಾಗಾದರೆ ಮೂರು ಮಿ.ಮೀ. ಸಂದು ಸಾಕಲ್ಲ? ಉಬ್ಬುವುದಕ್ಕೆ ಸಾಕು. ಮೇಲೆ ಓಕ್ ಮರವಿದ್ದು ಅದರ ಎಲೆ, ಹೂಗೊಂಚಲು ಉದುರುತ್ತಿದ್ದರೆ ಸಾಲದು. ಕಸ ಕೆಳಗೆ ಬೀಳದೆ ಸಂದಿನಲ್ಲೇ ಕೂತು ನೀರು ಹಿಡಿಯುತ್ತದೆ. ಐದಾರು ಮಿ.ಮೀ. ಬಿಡುವುದು ಕ್ಷೇಮ. ಒಣಗಿದ ಹಲಗೆ ತಂದು ಕೂರಿಸುವುದಾದರೆ ಮೊದಲು ನಾಲ್ಕಾರು ದಿನ ನೆರಳಿನಲ್ಲಿ, ನಡುನಡುವೆ ಪಟ್ಟಿ ಇಟ್ಟು ಪೇರಿಸಿ, ಆ ಊರಿನ ಗಾಳಿಗೆ ಹೊಂದಿಕೊಳ್ಳಲು ಬಿಡಬೇಕು. ಒಂದಿಂಚು ದಪ್ಪದ ಹಲಗೆಗೆ ಜಂತೆಗಳ ನಡುವೆ 16 ಇಂಚಿಗಿಂತ ಹೆಚ್ಚು ಅಂತರವಿದ್ದರೆ ಕಾಲಡಿಯಲ್ಲಿ ಬಾಗುತ್ತದೆ.

ಸ್ಕ್ರೂ ವಿಷಯದಲ್ಲಿ ಜಿಪುಣತನ ಮಾಡಿದವರ ಡೆಕ್ಕನ್ನು ದೂರದಿಂದಲೇ ಗುರುತಿಸಬಹುದು: ಪ್ರತಿ ತಲೆಯ ಕೆಳಗೂ ಶಾಯಿ ಚೆಲ್ಲಿದ ಹಾಗೆ ಕಪ್ಪು ಗೆರೆ ಇಳಿದಿರುತ್ತದೆ. ಸೀಡರ್‌ನಲ್ಲಿರುವ ಟ್ಯಾನಿನ್ ರೀತಿಯ ವಸ್ತುಗಳು ಕಬ್ಬಿಣದ ಜತೆ ಸೇರಿ ಆಗುವ ಕಲೆ ಅದು. ಆಕ್ಸಾಲಿಕ್ ಆಮ್ಲದ ನೀರಿನಿಂದ ಕಲೆ ತೆಗೆಯಬಹುದು, ಆದರೆ ಸ್ಕ್ರೂ ಬದಲಿಸದಿದ್ದರೆ ಅದು ಮತ್ತೆ ಬರುತ್ತದೆ. ಸ್ಟೇನ್‌ಲೆಸ್ ಉಕ್ಕು ಬಿಟ್ಟು ಬೇರೆ ಮಾತೇ ಬೇಡ. ಗ್ಯಾಲ್ವೆಸ್ಟನ್ನಿನಂಥ ಸಮುದ್ರದಂಡೆಯಲ್ಲಿ 316 ದರ್ಜೆಯದೇ ಬೇಕು. ಅಡಿಯ ಪೈನ್‌ನಲ್ಲಿರುವ ತಾಮ್ರವೂ ಸಾದಾ ಉಕ್ಕನ್ನು ತಿನ್ನುವುದರಿಂದ ಜಂತೆ ಹಿಡಿಯುವ ಲೋಹದ ಕೊಂಡಿಗಳಿಗೆ ಕರಗಿಸಿದ ಸತುವಿನಲ್ಲಿ ಅದ್ದಿದ ದಪ್ಪ ಲೇಪ ಇರಲೇಬೇಕು.

ಬಣ್ಣದ ಬಗ್ಗೆ ಜನ ಅತಿಯಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಬಿಸಿಲಿನ ಅತಿನೇರಳೆ ಕಿರಣ ಮರದ ಲಿಗ್ನಿನ್ ಎಂಬ ಅಂಟನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆಯುತ್ತದೆ, ಉಳಿದ ನಾರು ಬೂದಿಬಣ್ಣಕ್ಕೆ ತಿರುಗುತ್ತದೆ. ಹೀಗೆ ಸವೆಯುವುದು ನೂರು ವರ್ಷಕ್ಕೆ ಹೆಚ್ಚೆಂದರೆ 12 ಮಿ.ಮೀ. ಬೂದಿಬಣ್ಣ ಒಪ್ಪುವುದಾದರೆ ಏನೂ ಬಳಿಯದೆ ಬಿಡುವುದೂ ಒಂದು ದಾರಿ, ಆದರೆ ತೇವದ ಊರಿನಲ್ಲಿ ಅದು ಬೂದಿಯಾಗಿ ನಿಲ್ಲದೆ ಬೂಷ್ಟಿನಿಂದ ಕಪ್ಪಾಗುತ್ತದೆ, ನೆರಳಿದ್ದರೆ ಹಾವಸೆ ಕಟ್ಟಿ ಜಾರುತ್ತದೆ. ಮಾಡಬಾರದ ಕೆಲಸವೆಂದರೆ ವಾರ್ನಿಷ್. ಪೊರೆಯಂತೆ ಕೂರುವ ಯಾವ ಲೇಪವೂ ನಡೆದಾಡುವ ಬಯಲುಹಾಸಿನ ಮೇಲೆ ಉಳಿಯುವುದಿಲ್ಲ. ಮೊದಲು ಬಿರುಕು ಬಿಡುತ್ತದೆ, ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಪೊರೆಯಿರುವುದರಿಂದ ಹೊರಗೆ ಬರುವುದಿಲ್ಲ. ಮರದೊಳಕ್ಕೆ ಇಂಗುವ, ಬೂಷ್ಟುನಾಶಕ ಬೆರೆಸಿದ, ತೆಳುಬಣ್ಣದ ಎಣ್ಣೆ ಲೇಪವನ್ನು ಹಲಗೆಯ ಆರೂ ಮೈಗೆ ಹಚ್ಚಿ, ಎರಡು-ಮೂರು ವರ್ಷಕ್ಕೊಮ್ಮೆ ಮೇಲ್ಮೈಗೆ ಮತ್ತೆ ಹಚ್ಚಿದರೆ ಸಾಕು. ಜೋರು ಒತ್ತಡದ ನೀರು ಹೊಡೆದು ತೊಳೆಯುವ ಯಂತ್ರ ಈ ಮೆದು ಮರದ ಮೇಲೆ ನಾರು ಕಿತ್ತು ಏಳಿಸುತ್ತದೆ. ಬಕೆಟ್ ನೀರು, ಸೋಪು, ಕೈಬ್ರಷ್ ಲೇಸು. ಮರದಪುಡಿ-ಪ್ಲಾಸ್ಟಿಕ್ ಬೆರೆಸಿದ ಹಲಗೆಗಳೂ ಸಿಗುತ್ತವೆ. ಕೊಳೆಯುವ ಚಿಂತೆ ಕಡಿಮೆ, ಟೆಕ್ಸಾಸಿನ ಮಧ್ಯಾಹ್ನ ಬರಿಗಾಲಿಟ್ಟರೆ ಬೊಬ್ಬೆ ಬರುವಷ್ಟು ಬಿಸಿ.

ಈಚೆಗೆ ಸೀಡರ್ ನಮ್ಮಲ್ಲಿಗೂ ಬಂದಿದೆ. ಕೆನಡಾದಿಂದ ಆಮದಾದ ಹಲಗೆಗಳು ಬೆಂಗಳೂರಿನಲ್ಲಿ ಸಿಗುತ್ತವೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಕಣಿವೆಯ ನೋಟಕ್ಕೆ ಮುಖಮಾಡಿದ ತೆರೆದ ಮರದ ಹಾಸು ಹೋಂಸ್ಟೇಗಳ ಆಕರ್ಷಣೆಯಾಗಿದೆ. ನನ್ನ ಅಭಿಪ್ರಾಯ ಕೇಳುವುದಾದರೆ, ಘಟ್ಟದ ಮಳೆಗೆ ಅದು ಒಗ್ಗುವ ಕಟ್ಟಡವಲ್ಲ. ಹ್ಯೂಸ್ಟನ್ನಿನಲ್ಲಿ ಮೂರನೆಯ ದಿನಕ್ಕಾದರೂ ಬಿಸಿಲು ಬರುತ್ತದೆ. ವರ್ಷಕ್ಕೆ 7000 ಮಿ.ಮೀ. ದಾಟುವ ಆಗುಂಬೆಯ ಆಸುಪಾಸಿನಲ್ಲಿ ಜೂನ್ ಮಧ್ಯಕ್ಕೆ ನೆನೆದ ಹಲಗೆ ಸೆಪ್ಟೆಂಬರ್‌ವರೆಗೆ ಒಣಗುವ ದಿನವನ್ನೇ ಕಾಣದಿರಬಹುದು. ಅಲ್ಲಿ ಮೇಲೆ ಹೇಳಿದ ಸಂದು, ತುದಿ, ಸ್ಕ್ರೂಗಳ ಉಪಾಯವೆಲ್ಲ ಒಂದೆರಡು ವರ್ಷ ಹೆಚ್ಚು ಕೊಡಬಹುದೇ ಹೊರತು ಲೆಕ್ಕವನ್ನು ತಿರುಗಿಸಲಾರವು. ಹಲಸು, ಬೋಗಿ, ತೇಗದಂಥ ಗಟ್ಟಿ ಚೇಗಿನ ಮರಗಳು ಕೈಗೆ ಸಿಗುವ ಸೀಮೆಯಲ್ಲೇ ನಮ್ಮ ಹಿರಿಯರು ಮರವನ್ನು ಮಾಡಿನ ಕೆಳಗೆ ಇಟ್ಟರು, ಜಗಲಿಯ ಆಚೆಗೂ ಇಳಿಮಾಡನ್ನು ಚಾಚಿದರು, ಮಳೆಗಾಲಕ್ಕೆ ಗೋಡೆಗೆ ಸೋಗೆಯ ತಟ್ಟಿ ಕಟ್ಟಿದರು.

ಹಾಗೆಂದು ಸೀಡರ್ ಬೇಡವೆಂದಲ್ಲ. ಹಗುರ, ಕುಗ್ಗುವುದು ಕಡಿಮೆ, ಕೊಯ್ಯಲು ಸುಲಭ, ಪರಿಮಳದ್ದು. ಜಗಲಿಯ ಒಳಮಾಡಿಗೆ, ಮಳೆ ನೇರ ತಾಗದ ಗೋಡೆಯ ಹೊದಿಕೆಗೆ, ಗಾಳಿಯಾಡುವ ಪಟ್ಟಿಗಳ ಕಿಟಕಿಗೆ ಅದಕ್ಕಿಂತ ಒಪ್ಪುವ ಮರ ಹುಡುಕುವುದು ಕಷ್ಟ. ಡೆಕ್ಕೇ ಬೇಕೆನ್ನುವವರು ಮೊದಲು ಸೂರಿನ ನಕ್ಷೆ ಬರೆಸಲಿ. ಗಾಳಿಗೆ ಓರೆಯಾಗಿ ಬರುವ ಇರಚಲು ತಡೆಯುವಷ್ಟು, ಹಾಸಿನ ಅಂಚಿನಿಂದ ಮೂರಡಿಯಾದರೂ ಹೊರಗೆ ಚಾಚಿದ ಸೂರು. ಅದರಾಚೆಗೆ ಮಳೆಯಲ್ಲಿ ನಿಲ್ಲುವ ಮೆಟ್ಟಿಲು, ಅಂಗಳದ ಹಾಸು, ಕಟ್ಟೆಗಳಿಗೆ ಮುರಕಲ್ಲೂ ಕಾರ್ಕಳದ ಕರಿಕಲ್ಲೂ ಇವೆ.